ಗ್ರಂಥಾಲಯದ ಮುಂದೆ ಹತ್ತು ನಿಮಿಷ

ರಾಚಪ್ಪ ಹಾರ ಹಾಕಲು ಬಗ್ಗಿದಾಗ ಅನುರಾಧಾ ಕೈ ಅಡ್ಡ ಹಿಡಿದಳು.

“ತಗೊಂಡ್ ಹೋಗ್ರಿ. ಮೂರು ವರ್ಷ ನಮ್ಮವ್ವನ ಮಾರಿ ನೋಡದವ್ರು ಇವತ್ತ್ಯಾಕ ಬಂದ್ರಿ?”

ಅಂಗಳದಲ್ಲಿ ಕುಳಿತವರೆಲ್ಲ ಇತ್ತ ತಿರುಗಿದರು. ಬಿಳಿ ಸೀರೆ ಉಡಿಸಿ ಮಲಗಿಸಿದ್ದ ಸೀತವ್ವನ ತಲೆಯ ಹತ್ತಿರ ಮೇಣದಬತ್ತಿ ಉರಿಯುತ್ತಿತ್ತು. ಇಪ್ಪತ್ತೆರಡು ವರ್ಷ ಊರಿನ ಗ್ರಂಥಾಲಯ ನೋಡಿಕೊಂಡವಳು. ನಿನ್ನೆ ಮಧ್ಯಾಹ್ನ ಗ್ರಂಥಾಲಯ ಸಪ್ತಾಹಕ್ಕೆಂದು ಪುಸ್ತಕ ಜೋಡಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಪಂಚಾಯ್ತಿ ಸದಸ್ಯ ರಾಚಪ್ಪ ನೆಟ್ಟಗೆ ನಿಂತ. “ಹಾರಾ ಬ್ಯಾಡಾದ್ರ ಬಿಡ್ರಿ. ನಾ ಹೇಳಾಕ ಬಂದದ್ದು ಬ್ಯಾರೆ. ಗ್ರಂಥಾಲಯದ ಮುಂದ ಹೆಣ ಇಳಸ್ತೀರಿ ಅಂತ ಕೇಳೇನಿ. ನಾಳೆ ಅಲ್ಲಿ ಸಪ್ತಾಹದ ಉದ್ಘಾಟನಾ ಐತಿ. ಹಂದರ ಹಾಕೇವಿ, ಸಾಹೇಬ್ರು ಬರಾವ್ರದಾರ. ಹಿಂದಿನ ಹಾದಿ ಹಿಡದು ಹೋಗ್ರಿ.”

“ಹತ್ತ ಮಿನಿಟಿನ ಮಾತ್ರಿ,” ಎಂದ ಸಾತಪ್ಪ. ಅವನು ಸೀತವ್ವನ ತಮ್ಮ. ಬೆಲ್ಲದ ಬಾಗೇವಾಡಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ. “ಅಕ್ಕ ದುಡದ ಜಾಗಾ. ಇಳಿಸಿ, ಕೈ ಮುಗದು ಹೋಗ್ತೇವಿ.”

“ಒಂದ್ ಮಿನಿಟೂ ಇಲ್ಲ.”

“ಇಳಸೇ ಇಳಸ್ತೇವಿ,” ಎಂದಳು ಅನುರಾಧಾ. “ಏನ್ ಮಾಡ್ತೀರೋ ಮಾಡ್ರಿ.”

ರಾಚಪ್ಪ ಹಾರವನ್ನು ಕಟ್ಟೆಯ ಮೇಲೆ ಎಸೆದು ಹೋದ.

* * *

ಮೂರು ವರ್ಷದ ಹಿಂದಿನ ದಸರಾ ರಜೆ. ಪ್ರತಿ ವರ್ಷದಂತೆ ಸೀತವ್ವ ಮಕ್ಕಳಿಗೆ ಬೆಳಿಗ್ಗೆ ಚಿತ್ರ ಬರೆಸಿ, ಮಧ್ಯಾಹ್ನ ಕತೆ ಓದಿಸುತ್ತಿದ್ದಳು. ಸಂಜೆ, ಓದು ಬಾರದ ಹೆಂಗಸರಿಗೆ ಪೇಪರ್ ಓದಿ ಹೇಳುತ್ತಿದ್ದಳು. ಮೆತ್ತಗಿನ ಹೆಂಗಸಲ್ಲ, ಪುಟ ಮಡಚಿದವರ ಕಿವಿ ಹಿಂಡುತ್ತಿದ್ದಳು. ಒಂದು ದಿನ ಮೂಲೆಯಲ್ಲಿ ಕುಳಿತಿದ್ದ ರಾಚಪ್ಪನ ಮಗಳು ಲಕ್ಷ್ಮಿಯ ಹತ್ತಿರ ಹೋಗಿ ನಿಂತಳು.

“ಅರ್ಧಾ ತಾಸಾತು, ಒಂದ್ ಪುಟಾನೂ ತಿರುವಿಲ್ಲ. ಏನಾಗೇತಿ?”

“ದೀಪಾವಳಿ ಆದ ಮ್ಯಾಲ ನನ್ನ ಲಗ್ನ ಐತ್ರಿ ಅಕ್ಕಾರ.” ಹುಡುಗಿಗೆ ಆಗ ಹದಿನಾಲ್ಕು.

“ನಿನಗ ಮನಸ ಐತೇನು?”

ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಸೀತವ್ವ ಮೊದಲು ರಾಚಪ್ಪನ ಮನೆಗೇ ಹೋದಳು. ಅವನು ಹೊಸ್ತಿಲ ಹೊರಗೆ ನಿಲ್ಲಿಸಿ ಮಾತಾಡಿದ: “ಪುಸ್ತಕಾ ಕೊಡೂದು ನಿನ್ನ ಕೆಲಸ. ನಮ್ಮ ಮನ್ಯಾಗ ಬಾಯಿ ಹಾಕಬ್ಯಾಡ.” ಆಕೆ ಮರಳಿ ಬಂದು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಳು. ಯಾರು ಕೇಳಿದರೂ ತಾನೇ ಮಾಡಿದ್ದೆಂದು ಹೇಳಿದಳು. ಅಧಿಕಾರಿಗಳು ಬಂದರು, ಲಗ್ನ ನಿಂತಿತು.

ಆಮೇಲೆ ರಾಚಪ್ಪನ ಮನೆಯಿದ್ದ ಮೇಲಿನ ಓಣಿಯ ಒಂದು ಮಗುವೂ ಗ್ರಂಥಾಲಯಕ್ಕೆ ಬರಲಿಲ್ಲ. ಸೀತವ್ವ ಚೀಲದಲ್ಲಿ ಪುಸ್ತಕ ತುಂಬಿಕೊಂಡು ತಾನೇ ಆ ಓಣಿಗೆ ಹೋದಳು. ಅವಳನ್ನು ಕಂಡು ಬಾಗಿಲು ಹಾಕಿಕೊಂಡರು. ಮರುವಾರ ಮತ್ತೆ ಹೋದಳು.

ಗೋಕಾಕದಲ್ಲಿ ನರ್ಸ್ ಆಗಿದ್ದ ಅನುರಾಧಾಳಿಗೆ ಇದು ಸಹಿಸದಾಯಿತು. ಈ ವರ್ಷದ ದೀಪಾವಳಿಗೆ ಮುಂಚೆ ಫೋನಿನಲ್ಲಿ ಸಿಟ್ಟಾಗಿದ್ದಳು.

“ಮಂದಿ ಮನಿ ಮುಂದ ನಿಂತು ಅವಮಾನಾ ಮಾಡಿಸ್ಕೊಳ್ಳೂದು ಸಾಕವ್ವ. ಕೆಲಸಾ ಬಿಟ್ಟು ನನ್ನ ಹಂತ್ಯಾಕ ಬಾ.”

“ನಾ ಬಿಟ್ಟು ಬಂದ್ರ ಅವ್ರು ಗೆದ್ದಂಗ.”

“ಯಾವಾಗೋ ಗೆದ್ದಾರ. ನಿನಗೊಬ್ಬಾಕಿಗೇ ತಿಳದಿಲ್ಲ.”

ಸೀತವ್ವ, “ಊಟಾ ಮಾಡಿದಿ?” ಎಂದು ಕೇಳಿದಳು. ಅನುರಾಧಾ ಫೋನ್ ಇಟ್ಟುಬಿಟ್ಟಳು. ಹಬ್ಬಕ್ಕೂ ಬರಲಿಲ್ಲ. ತಾಯಿ ಮಗಳ ನಡುವೆ ಅದೇ ಕೊನೆಯ ಮಾತು.

* * *

ಬುದ್ಧ ವಂದನೆ ಮುಗಿಸಿ ಚಟ್ಟ ಎತ್ತಿದರು. ಮುಂದೆ ಬಲಕ್ಕೆ ಅನುರಾಧಾ, ಎಡಕ್ಕೆ ಸಾತಪ್ಪ. ಹಿಂದೆ ಕೇರಿಯ ಇಬ್ಬರು ಗಂಡಸರು. ಗ್ರಂಥಾಲಯದ ಹತ್ತಿರ ಬಂದಾಗ ಹಂದರದ ಬಾಯಿಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಅಡ್ಡ ಜೋಡಿಸಿದ್ದು ಕಂಡಿತು. ಅದರ ಹಿಂದೆ ರಾಚಪ್ಪ ಮತ್ತು ಅವನ ಕಡೆಯವರು.

“ಮುಂದ ನಡೀರಿ. ನಾಳೆ ದೀಪಾ ಹಚ್ಚೂ ಜಾಗಾ ಇದು. ಸೂತಕಾ ಮಾಡಬ್ಯಾಡ್ರಿ.”

“ಇಪ್ಪತ್ತೆರಡು ವರ್ಷ ಇಲ್ಲಿ ಕಸಾ ಹೊಡದಾಕಿ ಇಕಿ,” ಅನುರಾಧಾಳ ಧ್ವನಿ ಸೀಳಿತು. “ಆವಾಗ ಇಲ್ಲದ ಸೂತಕಾ ಈಗೆಲ್ಲಿಂದ ಬಂತು? ಕುರ್ಚಿ ತಗೀರಿ!”

“ಒಬ್ಬಾಕಿ ಸತ್ತಾಳಂತ ಊರ ಕಾರ್ಯಕ್ರಮಾ ಕೆಡಸಾಕ ಆಕ್ಕೈತೇನು?” ಎಂದು ಆ ಕಡೆಯಿಂದ ಯಾರೋ ಕೂಗಿದರು. ಈ ಕಡೆಯವರೂ ಕೂಗಿದರು. ಚಟ್ಟ ಹೆಗಲ ಮೇಲೇ ಇತ್ತು.

ಅಷ್ಟರಲ್ಲಿ ಒಬ್ಬ ಹುಡುಗಿ ಗುಂಪಿನ ನಡುವೆ ನುಗ್ಗಿ ಬಂದು ಒಂದು ಕುರ್ಚಿ ಎತ್ತಿ ಬದಿಗಿಟ್ಟಳು. ಆಮೇಲೆ ಇನ್ನೊಂದು. ಲಕ್ಷ್ಮಿ, ಈಗ ಹದಿನೇಳು. ಮೂಡಲಗಿಯ ಕಾಲೇಜಿನಿಂದ ಬಂದ ಬಸ್ಸಿಳಿದು ಚೀಲದ ಸಮೇತ ಬಂದಿದ್ದಳು. ರಾಚಪ್ಪ ಅವಳ ರಟ್ಟೆ ಹಿಡಿದ.

“ಮನಿಗೆ ನಡಿ.”

“ಕುರ್ಚಿ ತಗದು ಬರ್ತೇನಪ್ಪಾ.”

ಅಷ್ಟು ಜನರ ಮುಂದೆ ಬೆಳೆದ ಮಗಳನ್ನು ಎಳೆದಾಡಲು ಅವನಿಗಾಗಲಿಲ್ಲ. ಕೈ ಸಡಿಲವಾಯಿತು. ಚಟ್ಟವನ್ನು ಗ್ರಂಥಾಲಯದ ಮುಂದೆ ಇಳಿಸಿದರು.

ಲಕ್ಷ್ಮಿ ಶವದ ಕಾಲಿನ ಹತ್ತಿರ ಕುಳಿತಳು. ಅನುರಾಧಾ ಅವಳ ಮೇಲೆ ಹರಿಹಾಯ್ದಳು. “ನೀ ಏಳ ಮ್ಯಾಲ. ನಿನ್ನಿಂದನ ನಮ್ಮವ್ವನ ಬಾಳೇವು ಹಾಳಾತು.”

“ಖರೇನ ಅಕ್ಕಾ.” ಲಕ್ಷ್ಮಿ ಏಳಲಿಲ್ಲ. “ಅಕ್ಕಾರು ಚೀಲಾ ಹಿಡಕೊಂಡ್ ಬಂದಾಗ ಬಾಗಲಾ ಹಾಕಿದಾಕಿ ನಾನ. ಅಪ್ಪ ಮನ್ಯಾಗ ಇಲ್ಲದಾಗೂ ಹಾಕೇನಿ, ಅಂಜಿ. ಹೊರಗ ನಿಂತು ‘ಲಕ್ಷ್ಮೀ, ಸಾಲಿಗೆ ಹೊಂಟಿಯಿಲ್ಲೋ?’ ಅಂತ ಕೇಳೋರು. ‘ಹೊಂಟೇನ್ರಿ’ ಅಂತಿದ್ನಿ. ಅಷ್ಟ ಕೇಳಿ ಹೋಗೋರು. ಪ್ರತಿ ವಾರ.”

ಅನುರಾಧಾ ತಾಯಿಯ ಮುಖ ನೋಡಿದಳು. ಬಾಯಿಗೆ ಸೆರಗು ಒತ್ತಿ ಹಿಡಿದಳು.

ಎಲ್ಲರೂ ಕೈ ಮುಗಿದರು. ಮತ್ತೆ ಎತ್ತುವಾಗ ಸಾತಪ್ಪನ ಮೊಣಕಾಲು ಹಿಡಿದುಕೊಂಡಿತು, ಅವನಿಗೆ ಏಳಲಾಗಲಿಲ್ಲ. ಲಕ್ಷ್ಮಿ ತನ್ನ ಚೀಲ ಕೆಳಗಿಟ್ಟು ಎಡಗಡೆಯ ಬಿದಿರಿಗೆ ಕೈ ಹಾಕಿದಳು.

“ಅದಕ್ಕ ಹೆಗಲ ಕೊಟ್ಟಿ ಅಂದ್ರ ಮನಿಗೆ ಬರಬ್ಯಾಡ!” ರಾಚಪ್ಪ ಹಂದರದೊಳಗಿನಿಂದ ಕೂಗಿದ.

ಲಕ್ಷ್ಮಿಯ ಮುಖ ಬಿಳುಚಿತು. ಆದರೂ ಬಿದಿರು ಹೆಗಲಿಗೆ ಬಂತು. ಅವಳು ಅನುರಾಧಾಳಿಗಿಂತ ಗೇಣು ಗಿಡ್ಡ. ಚಟ್ಟ ಎಡಕ್ಕೆ ವಾಲಿತು. ಅನುರಾಧಾ ಅವಳ ಕಡೆ ನೋಡಲಿಲ್ಲ. ಮೊಣಕಾಲು ಮಡಚಿ, ಚಟ್ಟ ಸಮ ಆಗುವವರೆಗೆ ತನ್ನ ಹೆಗಲನ್ನು ತಗ್ಗಿಸಿದಳು. ಹಾಗೇ ಕುಗ್ಗಿಕೊಂಡೇ ಮೊದಲ ಹೆಜ್ಜೆ ಇಟ್ಟಳು.