ಸುಕುಮಾರ ಮಾಸ್ಟ್ರು ಹೇಳದೆ ಬಿಟ್ಟದ್ದು

ಬಂದ್ಯೋಡಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿರುವ ಸುಕುಮಾರ ಮಾಸ್ಟ್ರು ಯಾವ ಪ್ರಶ್ನೆಗೂ ತಡವರಿಸಿದ್ದನ್ನು ಕಂಡವರಿಲ್ಲ. ಕೇಳಿದ್ದಕ್ಕೂ ಉತ್ತರ ಕೊಡುವರು, ಕೇಳದ್ದಕ್ಕೂ ಕೊಡುವರು. ಅವರ ಕೈಯಲ್ಲಿ ಕಲಿತವರು ದುಬೈ, ದೋಹಾ, ಲಂಡನ್ ಎಂದು ಎಲ್ಲೆಲ್ಲೋ ಕಾರು ಓಡಿಸುತ್ತಿದ್ದಾರೆ. ಅಲ್ಲಿಯ ರಸ್ತೆಗಳಿಗೆಲ್ಲ ತಾವೇ ನಿಂತು ಡಾಂಬರು ಹಾಕಿಸಿದವರಂತೆ ಮಾಸ್ಟ್ರು ಅವುಗಳ ಬಗ್ಗೆ ಮಾತಾಡುತ್ತಿದ್ದರು. ಹಾಗಾಗಿ ಜನವರಿಯ ಒಂದು ಸಂಜೆ ಕೆನಡಾದಿಂದ ರಂಶೀನಾಳ ಫೋನು ಬಂದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

ರಂಶೀನಾ ಪೇಟೆಯ ಹಿಂದಿನ ಓಣಿಯ ನಬೀಸುಮ್ಮನ ಮಗಳು. ಮಾಸ್ಟ್ರ ಕೈಯಲ್ಲೇ ಕಾರು ಕಲಿತು, ಒಂದೇ ಸಲಕ್ಕೆ ಟೆಸ್ಟ್ ಪಾಸಾದವಳು. ಗಂಡ ಶಮೀರನ ಜೊತೆ ಕೆನಡಾದ ಒಂದು ಸಣ್ಣ ಊರಿಗೆ ಹೋಗಿ ಇನ್ನೂ ಎಂಟು ತಿಂಗಳಾಗಿರಲಿಲ್ಲ. ಅವನಿಗೆ ಗೋದಾಮಿನಲ್ಲಿ ರಾತ್ರಿ ಪಾಳಿ, ಇವಳಿಗೆ ವೃದ್ಧಾಶ್ರಮದಲ್ಲಿ ಹಗಲಿನ ಕೆಲಸ. ಬೆಳಿಗ್ಗೆ ಎರಡು ವರ್ಷದ ಮಗುವನ್ನು ನೋಡಿಕೊಳ್ಳುವವರಲ್ಲಿ ಬಿಟ್ಟು ಎಂಟೂವರೆಗೆ ಹಾಜರಿರಬೇಕು. ಬಸ್ಸು ಬಾರದ ಊರು. ಕಾರಿಲ್ಲದಿದ್ದರೆ ಅವಳಿಗೆ ಕೆಲಸವೂ ಇಲ್ಲ.

ಇಲ್ಲಿ ಸಂಜೆ ಆರೂ ಕಾಲು, ಅಲ್ಲಿ ಬೆಳಿಗ್ಗೆ ಏಳೂ ಮುಕ್ಕಾಲು. ಲರ್ನರ್ಸ್ ಪರೀಕ್ಷೆಗೆ ಓದಲು ಬಂದಿದ್ದ ಅಶ್ಮಿತಾ, ತೃಷಾ ಎಂಬಿಬ್ಬರು ಹುಡುಗಿಯರಿಗೆ ಮಾಸ್ಟ್ರು ರಸ್ತೆಯ ಚಿಹ್ನೆಗಳನ್ನು ಹೇಳಿಕೊಡುತ್ತಿದ್ದರು. ಶಿಷ್ಯೆಯೊಬ್ಬಳು ಕೆನಡಾದಿಂದ ಫೋನು ಮಾಡುವುದನ್ನು ಅವರೂ ಕೇಳಲಿ ಎಂದು ಸ್ಪೀಕರ್ ಹಾಕಿದರು.

“ಮಾಸ್ಟ್ರೇ, ಕಾರು ಹಿಮದಲ್ಲಿ ಹೂತು ಹೋಗಿ ಉಂಟು,” ಎಂದಳು ರಂಶೀನಾ. “ಎಕ್ಸಿಲರೇಟರ್ ಒತ್ತಿದ್ರೆ ಎಂಜಿನೇ ಸೋತ ಹಾಗೆ ಆಗ್ತದೆ. ಶಮೀರ್ ಫೋನ್ ತೆಗೀತಾ ಇಲ್ಲ. ಹಿಂದೆ ಮಗು ಉಂಟು. ಎಂತ ಮಾಡುದು?”

ಸುಕುಮಾರ ಮಾಸ್ಟ್ರು ಹಿಮ ಕಂಡದ್ದು ಫ್ರಿಜ್ಜಿನ ಒಳಗೆ ಮಾತ್ರ. ಆದರೆ ಮೀಟರಿನಲ್ಲಿ ಹಳದಿ ದೀಪವೊಂದು ಮಿಟುಕುತ್ತಿದೆ, ಕಾರಿನ ಚಿತ್ರ, ಅದರಡಿ ಎರಡು ಡೊಂಕು ಗೆರೆ ಎಂದು ಅವಳು ಹೇಳಿದ ಕೂಡಲೇ ಅವರ ಮುಖ ಅರಳಿತು. ಅದು ಟ್ರ್ಯಾಕ್ಷನ್ ಕಂಟ್ರೋಲ್. ಮಳೆಗಾಲದಲ್ಲಿ ಕುಂಬ್ಡಾಜೆಯ ಏರಿನ ಕೆಂಪು ಕೆಸರಿನಲ್ಲಿ ಅವರು ಅದರ ಜೊತೆ ಜಗಳವಾಡದ ವರ್ಷವಿಲ್ಲ. ಚಕ್ರ ಸ್ವಲ್ಪ ಜಾರಿದರೂ ಸಾಕು, ಆ ಪುಕ್ಕಲು ಯಂತ್ರ ಎಂಜಿನಿನ ಕತ್ತು ಹಿಡಿದು ಕಾರನ್ನು ಅರ್ಧ ಏರಿನಲ್ಲೇ ನಿಲ್ಲಿಸಿಬಿಡುತ್ತದೆ. ಅದಕ್ಕೇ ಏರಿನ ಬುಡದಲ್ಲಿ ಅದನ್ನು ಬಂದ್ ಮಾಡಿ ಹತ್ತುವುದು ಅವರ ಕ್ರಮ.

ಸ್ಟೇರಿಂಗಿನ ಎಡಕ್ಕೆ ಅದೇ ಚಿತ್ರದ ಸ್ವಿಚ್ಚು ಇದೆಯೇ ನೋಡು ಎಂದರು. ಇತ್ತು. ಬೀಪ್ ಬರುವವರೆಗೆ ಒತ್ತಿ ಹಿಡಿ, ಆಗ ಅದರ ಉಪದ್ರ ಪೂರ್ತಿ ತಪ್ಪುತ್ತದೆ ಎಂದರು. ಆಮೇಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ, ತೊಟ್ಟಿಲು ತೂಗಿದಷ್ಟೇ ಮೆಲ್ಲಗೆ. ಚಕ್ರಗಳು ಹಿಮವನ್ನು ಕೆರೆಯುವ ಸದ್ದು ಸ್ಪೀಕರಿನಲ್ಲಿ ಕೇಳಿಸಿತು. ನಾಲ್ಕನೆಯ ಸಲಕ್ಕೆ ಕಾರು ಎದ್ದು ರಸ್ತೆಗೆ ಬಂತು. ಬಂತು ಮಾಸ್ಟ್ರೇ, ಬಂತು ಎಂದು ರಂಶೀನಾ ನಗುತ್ತಾ ಹೇಳಿ, ಹೊತ್ತಾಯಿತೆಂದು ಫೋನಿಟ್ಟಳು.

ಮಾಸ್ಟ್ರು ಹುಡುಗಿಯರ ಕಡೆ ನೋಡಿದರು. ಇಬ್ಬರ ಬಾಯಿಯೂ ತೆರೆದಿತ್ತು. ಇನ್ನೇನು ಬೇಕು ಅವರಿಗೆ! ಕೆಸರಾದರೇನು, ಹಿಮವಾದರೇನು, ಚಕ್ರಕ್ಕೆ ಎಲ್ಲ ಒಂದೇ ಎಂದು ಹತ್ತು ನಿಮಿಷ ಪಾಠ ಹೇಳಿ ಇಬ್ಬರನ್ನೂ ಕಳುಹಿಸಿಕೊಟ್ಟರು. ಅಷ್ಟಕ್ಕೂ ತೃಪ್ತಿಯಾಗದೆ ಪಕ್ಕದ ಗ್ಯಾರೇಜಿಗೆ ಹೋಗಿ ಜಿತೇಂದ್ರನಿಗೆ ಮೊದಲಿನಿಂದ ಹೇಳಲು ತೊಡಗಿದರು. ಜಿತೇಂದ್ರ ಕಾರುಗಳ ವಯರಿಂಗ್ ಕೆಲಸದವನು, ಮಾತು ಕಡಿಮೆ. ಎಲ್ಲ ಕೇಳಿ ಮುಗಿದ ಮೇಲೆ ಒಂದೇ ಪ್ರಶ್ನೆ ಹಾಕಿದ.

“ಕಾರು ರಸ್ತೆಗೆ ಬಂದ ಮೇಲೆ ಸ್ವಿಚ್ ಪುನಃ ಆನ್ ಮಾಡ್ಲಿಕ್ಕೆ ಹೇಳಿದ್ರಾ?”

ಮಾಸ್ಟ್ರು ಹೇಳಿರಲಿಲ್ಲ.

ಕುಂಬ್ಡಾಜೆಯ ಆ ಏರಿನ ತುದಿಯಲ್ಲಿ ದೈವದ ಕಟ್ಟೆಯೊಂದಿದೆ. ಮೇಲೆ ಹತ್ತಿದ ಗಾಡಿಗಳೆಲ್ಲ ಅಲ್ಲಿ ನಿಲ್ಲುತ್ತವೆ. ಎಂಜಿನ್ ಬಂದ್ ಮಾಡಿ, ಕೈಮುಗಿದು, ಮತ್ತೆ ಸ್ಟಾರ್ಟ್ ಮಾಡಿ ಮುಂದೆ ಹೋಗುವುದು ಹಿಂದಿನಿಂದ ಬಂದ ಪದ್ಧತಿ. ಕೈಮುಗಿಯದ ಮುಸ್ಲಿಂ ಬ್ಯಾರಿ ಹುಡುಗರೂ ಮರ್ಯಾದೆಗೆ ಒಂದು ಗಳಿಗೆ ಎಂಜಿನ್ ನಿಲ್ಲಿಸುತ್ತಾರೆ. ರಂಶೀನಾಳೂ ನಿಲ್ಲಿಸುತ್ತಿದ್ದಳು. ಕಾರು ಹೊಸದಾಗಿ ಸ್ಟಾರ್ಟ್ ಆದರೆ ಟ್ರ್ಯಾಕ್ಷನ್ ಕಂಟ್ರೋಲ್ ತನ್ನಿಂದ ತಾನೇ ಮರಳಿ ಬರುತ್ತದೆ. ಹಾಗಾಗಿ ಅದನ್ನು ಕೈಯಿಂದ ಆನ್ ಮಾಡುವ ಪಾಠವನ್ನು ಮಾಸ್ಟ್ರು ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿಕೊಟ್ಟಿರಲಿಲ್ಲ, ತಾವೂ ಮಾಡಿರಲಿಲ್ಲ. ಕೆನಡಾದ ರಸ್ತೆಯಲ್ಲಿ ಯಾವ ಕಟ್ಟೆ ಇದೆ, ಅವಳು ನಿಲ್ಲಿಸಲು? ಅದು ಬಂದ್ ಆಗಿಯೇ ಇದ್ದರೆ, ಹಿಮದ ತಿರುವಿನಲ್ಲಿ ಚಕ್ರ ಜಾರಿದಾಗ ಕಾರನ್ನು ಹಿಡಿದು ನಿಲ್ಲಿಸುವುದು ಏನೂ ಇರುವುದಿಲ್ಲ.

ಮಾಸ್ಟ್ರು ಕೂಡಲೇ ಫೋನು ಮಾಡಿದರು. ರಿಂಗಾಯಿತು, ಯಾರೂ ತೆಗೆಯಲಿಲ್ಲ. ಮತ್ತೊಮ್ಮೆ ಮಾಡಿದರು. ಮೂರನೆಯ ಸಲ ಒತ್ತಲು ಹೋದ ಬೆರಳು ಅಲ್ಲೇ ನಿಂತಿತು. ಸ್ಟೇರಿಂಗ್ ಹಿಡಿದವರು ಫೋನಿನ ಕಡೆ ನೋಡಬಾರದು ಎಂಬುದು ಅವರದೇ ಮೊದಲ ಪಾಠ. ಮುಟ್ಟಿದವರನ್ನು ಅವತ್ತು ಕಾರಿನಿಂದ ಇಳಿಸಿಯೇ ಬಿಡುತ್ತಿದ್ದರು. ರಂಶೀನಾ ಆ ಪಾಠವನ್ನು ಪಾಲಿಸುತ್ತಿದ್ದಾಳೆ, ಅದಕ್ಕೇ ತೆಗೆಯುತ್ತಿಲ್ಲ. ಆದರೆ ಮಾಸ್ಟ್ರೇ ಮೇಲಿಂದ ಮೇಲೆ ಕರೆಯುತ್ತಿದ್ದಾರಲ್ಲ ಎಂದು ಒಂದು ಕ್ಷಣ ಕಣ್ಣು ಹೊರಳಿಸಿದರೆ? ಅದೇ ಕ್ಷಣದಲ್ಲಿ ತಿರುವು ಬಂದರೆ? ಮೆಸೇಜು ಕಳುಹಿಸಿದರೂ ಅದೇ ಕತೆ. ಎಚ್ಚರಿಸುವುದೂ ಅಪಾಯ, ಸುಮ್ಮನಿರುವುದೂ ಅಪಾಯ.

“ಇನ್ನು ಕಾಯುದೇ,” ಎಂದ ಜಿತೇಂದ್ರ.

ಕಾಯುವುದು ಮಾಸ್ಟ್ರಿಗೆ ಬಂದದ್ದಲ್ಲ. ಗ್ಯಾರೇಜಿನ ಬಾಗಿಲಿಗೆ ಹೋದರು, ಒಳಗೆ ಬಂದರು, ಮತ್ತೆ ಹೋದರು. ಆ ಹೊತ್ತಿಗೇ ಎದುರಿನ ಅಂಗಡಿಯಿಂದ ರೊಟ್ಟಿಯ ಕಟ್ಟು ಹಿಡಿದುಕೊಂಡು ನಬೀಸುಮ್ಮ ರಸ್ತೆ ದಾಟಿ ಬಂದರು. ತೃಷಾ ಅವರಿಗೆ ಆಗಲೇ ಎಲ್ಲ ಹೇಳಿಬಿಟ್ಟಿದ್ದಳು. ನೀವು ಇಲ್ಲಿಂದಲೇ ಕಾರು ತೆಗೆಸಿದಿರಂತೆ, ನಿಮ್ಮಂಥವರು ಇರುವ ಕಾರಣ ನಮಗೆ ಧೈರ್ಯ ಎಂದು ಆ ತಾಯಿ ಹೊಗಳಿದರು. ಮಗಳು ತಲುಪಿದಳಂತೆಯಾ ಎಂದೂ ಕೇಳಿದರು. ತಲುಪಿರಬೇಕು, ಎಲ್ಲ ಸರಿ ಉಂಟು ಎಂದರು ಮಾಸ್ಟ್ರು. ಆ ಸುಳ್ಳು ಹೇಳುವಾಗ ಅವರಿಗೆ ನಬೀಸುಮ್ಮನ ಮುಖ ನೋಡಲಾಗಲಿಲ್ಲ.

ಏಳು ಗಂಟೆ ದಾಟಿದ ಮೇಲೆ ವಾಟ್ಸಾಪಿನಲ್ಲಿ ರಂಶೀನಾಳ ವಾಯ್ಸ್ ಮೆಸೇಜು ಬಂತು. ಮಾಸ್ಟ್ರು ಈ ಸಲ ಸ್ಪೀಕರ್ ಹಾಕಲಿಲ್ಲ, ಕಿವಿಗೆ ಒತ್ತಿಕೊಂಡು ಕೇಳಿದರು.

“ಮಾಸ್ಟ್ರೇ, ತಿರುವಿನಲ್ಲಿ ಕಾರು ಜಾರಿ ಒಂದು ಸುತ್ತು ತಿರುಗಿ ಹೋಯ್ತು. ಎದುರಿಂದ ಲಾರಿ ಬರ್ತಿತ್ತು, ಅವನು ಹೇಗೋ ತಪ್ಪಿಸಿದ. ನಾವು ಹೋಗಿ ಹಿಮದ ರಾಶಿಗೆ ಬಡಿದೆವು. ಮಗುವಿಗೆ ಎಂತ ಆಗ್ಲಿಲ್ಲ, ಹೆದರಿ ಕೂಗ್ತಾ ಉಂಟು. ನೀವು ಸರಿಯಾಗೇ ಕಲಿಸಿದ್ದೀರಿ, ನನಗೇ ಬರುದಿಲ್ಲ. ಇನ್ನು ನಾನು ಕಾರು ಮುಟ್ಟುದಿಲ್ಲ. ಕೆಲಸ ಹೋದ್ರೆ ಹೋಗ್ಲಿ. ಉಮ್ಮನಿಗೆ ಹೇಳ್ಬೇಡಿ.”

ಮಗುವಿಗೆ ಏನೂ ಆಗಲಿಲ್ಲ ಎಂಬಲ್ಲಿ ಮಾಸ್ಟ್ರ ಕಣ್ಣು ತುಂಬಿತು. ಹತ್ತಿರವಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಆದರೆ ಆ ನೆಮ್ಮದಿ ಎರಡು ನಿಮಿಷವೂ ಉಳಿಯಲಿಲ್ಲ. ಹುಡುಗಿ ತಪ್ಪನ್ನೆಲ್ಲ ತಾನೇ ಹೊತ್ತುಕೊಂಡಿದ್ದಾಳೆ. ಹೋಗಲಿ ಬಿಡು, ಮೊದಲ ಚಳಿಗಾಲದಲ್ಲಿ ಯಾರಿಗಾದರೂ ಹೀಗೆ ಆಗುತ್ತದೆ ಎಂದು ಸಮಾಧಾನ ಹೇಳಿದರೆ ಮುಗಿಯಿತು. ಜಿತೇಂದ್ರ ಬಾಯಿಬಿಡುವವನಲ್ಲ. ಬಂದ್ಯೋಡಿನಲ್ಲಿ ಮಾಸ್ಟ್ರು ಮಾಸ್ಟ್ರಾಗಿಯೇ ಇರಬಹುದು. ಹಾಗೆ ಹೇಳಲು ಅವರಿಗೆ ಮನಸ್ಸಾಗಿತ್ತು ಎನ್ನುವುದನ್ನು ಮುಚ್ಚಿಡುವುದು ಬೇಡ. ಒಮ್ಮೆ ರೆಕಾರ್ಡಿಂಗ್ ಒತ್ತಿ, ‘ಹೋಗ್ಲಿ ಬಿಡು ಮಾರಾಯ್ತಿ’ ಎಂದು ಶುರು ಮಾಡಿಯೂ ಆಗಿತ್ತು. ಅಷ್ಟರಲ್ಲಿ, ಇವಳು ತನಗೆ ಬರುವುದಿಲ್ಲವೆಂದೇ ನಂಬಿ ಕಾರು ಬಿಡುತ್ತಾಳೆ, ನನ್ನ ಮರ್ಯಾದೆಗಾಗಿ ಕೆಲಸವನ್ನೂ ಕಳೆದುಕೊಳ್ಳುತ್ತಾಳೆ ಎನಿಸಿ ಅದನ್ನು ಅಳಿಸಿದರು. ಮತ್ತೆ ರೆಕಾರ್ಡಿಂಗ್ ಒತ್ತಿದರು.

“ರಂಶೀನಾ, ತಪ್ಪು ನಿನ್ನದಲ್ಲ. ಕಾರು ರಸ್ತೆಗೆ ಬಂದ ಮೇಲೆ ಆ ಸ್ವಿಚ್ ಪುನಃ ಆನ್ ಮಾಡ್ಬೇಕಿತ್ತು. ನಾನು ಹೇಳ್ಲಿಲ್ಲ. ನನಗೆ ನೆನಪೇ ಆಗ್ಲಿಲ್ಲ. ಹಿಮ ನಾನು ಕಂಡವನೇ ಅಲ್ಲ ಮಗಳೇ. ನಿನಗೆ ಚಂದ ಬರ್ತದೆ, ಕಾರು ಬಿಡ್ಬೇಡ.”

ಮೆಸೇಜಿನ ಎರಡು ಟಿಕ್ಕುಗಳು ನೀಲಿಯಾದವು. ಅವಳು ಕೇಳಿಸಿಕೊಂಡಿದ್ದಳು. ಜಿತೇಂದ್ರ ಗ್ಯಾರೇಜಿನ ದೀಪ ಹಾಕಿ, ತನಗೇನೂ ಕೇಳಿಸಲಿಲ್ಲ ಎಂಬಂತೆ ವಯರು ಸುತ್ತುತ್ತಿದ್ದ. ಹದಿನೈದು ನಿಮಿಷ ಕಳೆದ ಮೇಲೆ ಉತ್ತರ ಬಂತು. ಅದರಲ್ಲಿ ಸಿಟ್ಟಿರಲಿಲ್ಲ, ತುಂಬ ದಣಿದ ಧ್ವನಿ.

“ಹಿಮ ಕಂಡಿಲ್ಲ ಅಂತ ಆಗಲೇ ಹೇಳಿದ್ದಿದ್ರೆ ನಾನು ಪಕ್ಕದ ಮನೆಯವರನ್ನು ಕರೀತಿದ್ದೆ ಮಾಸ್ಟ್ರೇ. ನೀವು ಗೊತ್ತಿದ್ದವರ ಹಾಗೆ ಹೇಳಿದ್ರಿ, ನಾನು ನಂಬಿದೆ. ಸ್ವಿಚ್ ಈಗ ಆನ್ ಮಾಡಿದ್ದೇನೆ. ನಾಳೆ ಶಮೀರನನ್ನು ಪಕ್ಕ ಕೂರಿಸಿ ಓಡಿಸಿ ನೋಡ್ತೇನೆ. ಆದ್ರೆ ಇನ್ನು ಕಾರಿನ ವಿಷಯ ನಿಮ್ಮತ್ರ ಕೇಳುದಿಲ್ಲ. ಬೇಜಾರು ಮಾಡ್ಬೇಡಿ.”

ಅವಳು ಕಾರು ಬಿಡುವುದಿಲ್ಲವಲ್ಲ, ಅಷ್ಟು ಸಾಕು ಎಂದು ಮಾಸ್ಟ್ರು ಜಿತೇಂದ್ರನಿಗೆ ಹೇಳಿ ಮನೆಯ ಕಡೆ ನಡೆದರು. ಅಷ್ಟು ಸಾಕಾಗಿರಲಿಲ್ಲ. ದಾರಿಯುದ್ದಕ್ಕೂ ಅವರ ಕಿವಿಯಲ್ಲಿದ್ದದ್ದು ಇನ್ನು ನಿಮ್ಮತ್ರ ಕೇಳುದಿಲ್ಲ ಎಂಬ ಅವಳ ಮಾತೇ.