ಭಾವನ ಪರ್ಮಿಟ್ಟು

ಜೆಪ್ಪುವಿನ ಇಳಿಜಾರಿನಲ್ಲಿ ರಿಕ್ಷಾದಿಂದ ಇಳಿಯುತ್ತಲೇ ಕಮರುದ್ದೀನ್ ಮತ್ತೊಮ್ಮೆ ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು. ಕಾಗದ ಇತ್ತು. ದಾರಿಯಲ್ಲಿ ಎಲ್ಲಾದರೂ ಬಿದ್ದುಹೋಗಿದ್ದರೆ ಚೆನ್ನಾಗಿತ್ತು ಎಂದು ಅನಿಸಿತು, ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ಅಂಗಳದಲ್ಲಿ ಶಾಮಿಯಾನ ಕಟ್ಟುತ್ತಿದ್ದವರು ಕೆಲಸ ನಿಲ್ಲಿಸಿ ಅವರಿಗೆ ದಾರಿ ಬಿಟ್ಟರು.

ಚಾವಡಿಯಲ್ಲಿ ಲೋಕನಾಥರನ್ನು ಮಲಗಿಸಿದ್ದರು. ತಲೆಯ ಬಳಿ ದೀಪ, ಹಣೆಗೆ ಗಂಧ. ಫಳ್ನೀರಿನ ಆಸ್ಪತ್ರೆಯೊಂದರ ಕ್ಯಾಂಟೀನನ್ನು ಇಪ್ಪತ್ತೇಳು ವರ್ಷ ನಡೆಸಿದ ಮನುಷ್ಯ. ಮಗು ಹುಟ್ಟಿದ ಮನೆಯವರಿಗೂ ಚಾ, ಸತ್ತವರ ಮನೆಯವರಿಗೂ ಚಾ ಎಂದು ಓಡಾಡಿದ್ದೇ ಬಂತು, ತಾನು ಕೂತು ಕುಡಿದದ್ದಿಲ್ಲ. ಈಗ ಪಕ್ಕದ ಮನೆಯ ಮಾರ್ಸೆಲಿನ್ ಬಾಯಿ ಫ್ಲಾಸ್ಕಿನಲ್ಲಿ ಚಾ ತಂದು ಬಂದವರಿಗೆ ಕೊಡುತ್ತಿದ್ದರು. ಬಣ್ಣ ನೋಡಿದರೆ ತೀರಾ ನೀರು. ಲೋಕನಾಥ ಎದ್ದು ಬೈಯುತ್ತಾರೇನೋ ಎಂದು ಕಮರುದ್ದೀನ್ ಒಂದು ಕ್ಷಣ ಕಾದರು.

“ಎಂತ ಭಾವ ಇದು,” ಎಂದು ತುಟಿಯೊಳಗೇ ಕೇಳಿದರು.

ಬೆಳಿಗ್ಗೆ ಆರಕ್ಕೆ ಲೋಕನಾಥರ ಹೆಂಡತಿ ಕುಶಲಾ ತಾವೇ ಫೋನ್ ಮಾಡಿದ್ದರು. ಸುದ್ದಿ ಹೇಳಿದ ಮೇಲೆ ಒಂದೇ ಒಂದು ಮಾತು ಕೇಳಿದ್ದರು. ಆ ದ್ವೀಪದ ಪರ್ಮಿಟ್ಟು ಬಂದು ನಿಮ್ಮ ಅಂಗಡಿಯಲ್ಲಿ ಉಂಟಂತಲ್ಲ ಸಾಹೇಬ್ರೆ, ಬರುವಾಗ ತನ್ನಿ, ಅಷ್ಟು ಆಸೆ ಪಟ್ಟದ್ದು, ಅವರ ಎದೆಯ ಮೇಲೆ ಇಟ್ಟು ಕಳಿಸುವ ಎಂದು. ಕಮರುದ್ದೀನ್ ಆಯ್ತು ಎಂದಿದ್ದರು. ಬೇರೆ ಏನು ಹೇಳಲು ಸಾಧ್ಯವಿತ್ತು? ಪರ್ಮಿಟ್ಟು ಬಂದೇ ಇರಲಿಲ್ಲ. ಜೇಬಿನಲ್ಲಿದ್ದದ್ದು ಮೂರು ವರ್ಷದ ಹಿಂದೆ ತಿರಸ್ಕಾರವಾಗಿ ವಾಪಸು ಬಂದ ಅರ್ಜಿ. ಹೆಣ ಎತ್ತುವ ಮೊದಲು ಅದನ್ನು ಹೇಳಬೇಕಿತ್ತು.

*

ಕಮರುದ್ದೀನರದ್ದು ಬಂದರಿನಲ್ಲಿ ದಿನಸಿ ಅಂಗಡಿ. ಕ್ಯಾಂಟೀನಿನ ಅಕ್ಕಿ, ಬೇಳೆ, ಚಾಪುಡಿ ಎಲ್ಲ ಅಲ್ಲಿಂದಲೇ. ಮೊದಲ ವಾರವೇ ಸಕ್ಕರೆಗೆ ಜಗಳವಾಡಿ, ಎರಡನೇ ವಾರ ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದು ಕರೆಯತೊಡಗಿದ್ದರು. ಊರಿನಲ್ಲಿ ಅದೇನು ದೊಡ್ಡ ಸಂಗತಿಯಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನನ್ನೂ ಜನ ಭಾವ ಎನ್ನುತ್ತಾರೆ. ಆದರೆ ಈ ಇಬ್ಬರು ಮೂವತ್ತು ವರ್ಷ ಬೇರೆ ಹೆಸರೇ ಹಿಡಿಯಲಿಲ್ಲ.

ಕ್ಯಾಂಟೀನು ಬಿಟ್ಟುಕೊಟ್ಟ ವರ್ಷ ಲೋಕನಾಥರಿಗೆ ದ್ವೀಪದ ಹುಚ್ಚು ಹತ್ತಿತು. ಕಮರುದ್ದೀನರ ತಂಗಿ ಮುಫೀದಾಳನ್ನು ಲಕ್ಷದ್ವೀಪದ ಕಡೆಯ ಒಂದು ಸಣ್ಣ ದ್ವೀಪಕ್ಕೆ, ರವೂಫ್ ಎಂಬವನಿಗೆ ಮದುವೆ ಮಾಡಿಕೊಟ್ಟಿದ್ದರು. ಈ ತುದಿಯಿಂದ ಆ ತುದಿಗೆ ನಡೆದರೆ ನಮ್ಮೂರೊಳಗೆ ಜೆಪ್ಪುವಿನಿಂದ ಬಿಜೈಗೆ ಹೋದಷ್ಟೂ ಇಲ್ಲ ಎಂದು ಕೇಳಿದ್ದೇ ತಡ, ಲೋಕನಾಥ ಪ್ರತಿ ಗುರುವಾರ ಅಂಗಡಿಗೆ ಬಂದು ಅಕ್ಕಿ ಮೂಟೆಯ ಮೇಲೆ ಕೂರತೊಡಗಿದರು. ಹಡಗಿನಲ್ಲಿ ಕುಶಲಾಗೆ ವಾಂತಿ ಬಂದರೆ ಲಿಂಬೆ ಬೇಕು, ಮುಫೀದಾಳಿಗೆ ಮಲ್ಲಿಗೆ ಒಯ್ದರೆ ಬಾಡುತ್ತದೆ, ಹಲಸಿನ ಹಪ್ಪಳ ಒಯ್ಯುವ ಎಂದು ಯೋಜನೆಯೋ ಯೋಜನೆ.

“ಅಲ್ಲಿ ಹೋಗಿ ಎಂತ ಮಾಡ್ತೀ ಮಾರಾಯ?” ಎಂದು ಕಮರುದ್ದೀನ್ ಒಮ್ಮೆ ಕೇಳಿದ್ದರು.

“ಎಂತದೂ ಇಲ್ಲ. ಸಮುದ್ರ ನೋಡಿಕೊಂಡು ಕೂತುಕೊಳ್ತೇನೆ. ಯಾರಾದ್ರೂ ಚಾ ತಂದು ಕೊಡ್ಲಿ. ನಾನು ಏಳುವುದಿಲ್ಲ.”

ಆ ರಂಜಾನ್ ಹಬ್ಬಕ್ಕೆ ಕಮರುದ್ದೀನ್ ಒಂದು ಜರಿಯಂಚಿನ ಬಿಳಿ ಪಂಚೆ ತಂದು ಕೊಟ್ಟರು. ದ್ವೀಪದಲ್ಲಿ ಉಡು ಎಂದರು. ಲೋಕನಾಥ ಅದನ್ನು ಮಡಿಕೆ ಬಿಚ್ಚದೆ ಪ್ರವಾಸದ ಚೀಲದಲ್ಲಿ ಇಟ್ಟುಬಿಟ್ಟರು.

ಅಲ್ಲಿಗೆ ಹೋಗಲು ಅಲ್ಲಿನವರೇ ಒಬ್ಬರು ಕರೆಸಿಕೊಳ್ಳಬೇಕು, ಅರ್ಜಿ ತುಂಬಬೇಕು. ರವೂಫ್ ಒಪ್ಪಿದ. ಅರ್ಜಿಯಲ್ಲಿ ಒಂದು ಕಡೆ, ಕರೆಸಿಕೊಳ್ಳುವವರಿಗೂ ನಿಮಗೂ ಏನು ಸಂಬಂಧ ಎಂದು ಕೇಳಿತ್ತು. ಲೋಕನಾಥ ಮನೆಯಲ್ಲಿ ಕೂತು ಯೋಚಿಸಿದರು. ಕಮರುದ್ದೀನ್ ತನ್ನ ಭಾವ, ಭಾವನ ಭಾವ ಎಂದರೆ ಅವನೂ ಭಾವನೇ. ಭಾವನಿಗೆ ಇಂಗ್ಲಿಷಿನಲ್ಲಿ ಎಂತ ಹೇಳುವುದು ಎಂದು ಮಗಳು ಸುಪ್ರೀತಾಳನ್ನು ಕೇಳಿದರು. ಅವಳು ಮೊಬೈಲಿನಿಂದ ತಲೆ ಎತ್ತದೆ ಹೇಳಿದಳು. ಇವರು ದೊಡ್ಡ ಅಕ್ಷರದಲ್ಲಿ ಬರೆದರು: ಬ್ರದರ್ ಇನ್ ಲಾ.

ಎರಡು ತಿಂಗಳಿಗೆ ಅರ್ಜಿ ದ್ವೀಪಕ್ಕೆ ಸಾಮಾನು ಒಯ್ಯುವ ಹಡಗಿನವರ ಕೈಯಲ್ಲಿ ಅಂಗಡಿಗೆ ವಾಪಸು ಬಂತು. ಆ ಶಬ್ದದ ಸುತ್ತ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ಷರಾ: ಹೇಳಿದ ಸಂಬಂಧಕ್ಕೆ ರುಜುವಾತು ಇಲ್ಲ. ರವೂಫ್ ಫೋನ್ ಮಾಡಿ ನಕ್ಕಿದ್ದ. ಸ್ನೇಹಿತ ಅಂತ ಬರೆದು ಪುನಃ ಕಳಿಸಿ, ಹತ್ತು ನಿಮಿಷದ ಕೆಲಸ ಎಂದ.

ಹತ್ತು ನಿಮಿಷದ ಕೆಲಸವೇ ಹೌದು. ಆದರೆ ಭಾವ ಅಂತ ಬರೆದದ್ದು ಸುಳ್ಳಂತೆ, ಅದನ್ನು ಹೊಡೆದುಹಾಕು ಎಂದು ಲೋಕನಾಥರ ಮುಖ ನೋಡಿ ಹೇಳಲು ಕಮರುದ್ದೀನರ ನಾಲಗೆ ಏಳಲಿಲ್ಲ. ಈ ಗುರುವಾರ ಹೇಳುವ ಎಂದುಕೊಂಡರು, ಮುಂದಿನ ಗುರುವಾರ ಎಂದುಕೊಂಡರು. ಸಮುದ್ರ ಜೋರುಂಟು ಎಂದರು, ಹಡಗು ರಿಪೇರಿಗೆ ಹೋಗಿದೆ ಎಂದರು. ಹಾಗೆಯೇ ಮೂರು ವರ್ಷ ದಾಟಿತು.

*

ಹೋದ ಸೋಮವಾರ ಆಸ್ಪತ್ರೆಯಲ್ಲಿ ಲೋಕನಾಥ ಕಣ್ಣು ಬಿಟ್ಟು, ಪರ್ಮಿಟ್ ಬಂತಾ ಎಂದು ಕೇಳಿದ್ದರು. ಬಂತು ಭಾವ, ಅಂಗಡಿಯಲ್ಲಿ ಉಂಟು ಎಂದಿದ್ದರು ಕಮರುದ್ದೀನ್. ಮಂಚದ ಆಚೆ ಬದಿಯಲ್ಲಿ ಕುಶಲಾ ಕೂತಿದ್ದರು. ಆ ಸಾಯುವ ಮುಖದಲ್ಲಿ ಮೂಡಿದ ನಗೆಯನ್ನು ಇಬ್ಬರೂ ನೋಡಿದ್ದರು.

*

“ತಂದಿದ್ದೀರಾ?” ಎಂದು ಕೇಳಿದರು ಕುಶಲಾ. ಅತ್ತು ಅತ್ತು ದನಿ ಕೂತುಹೋಗಿತ್ತು.

ಕಮರುದ್ದೀನ್ ಅವರನ್ನು ಒಳಗಿನ ಬಾಗಿಲ ಬಳಿಗೆ ಕರೆದು ಕಾಗದವನ್ನು ಕೈಗೆ ಕೊಟ್ಟರು.

“ಇದು ಪರ್ಮಿಟ್ ಅಲ್ಲ. ನಾನು ಸುಳ್ಳು ಹೇಳಿದ್ದು. ಭಾವ ಅಂತ ಬರೆದದ್ದಕ್ಕೆ ವಾಪಸು ಬಂತು. ತಿದ್ದಿ ಕೊಡು ಅಂತ ಹೇಳ್ಲಿಕ್ಕೆ ನನಗೆ ಆಗ್ಲಿಲ್ಲ. ಹೇಳಿದ್ರೆ ಅವನು ಹೋಗಿ ಬರ್ತಿದ್ದ. ನನ್ನಿಂದ ತಪ್ಪಿತು.”

ಕುಶಲಾ ಕನ್ನಡಕ ಏರಿಸಿ ಕಾಗದವನ್ನು ಓದಿದರು. ಗಂಡನ ಅಕ್ಷರದ ಮೇಲೆ ಬೆರಳು ಇಟ್ಟರು, ಕೆಂಪು ಗೆರೆಯ ಮೇಲೆ ಇಟ್ಟರು. ಬೈದಿದ್ದರೆ ಕಮರುದ್ದೀನರಿಗೆ ಹಗುರವಾಗುತ್ತಿತ್ತು. ಕಾಗದವನ್ನು ಮಡಚಿ ಹಿಡಿದುಕೊಂಡು ಒಳಗೆ ಹೋದರು. ಕಮರುದ್ದೀನ್ ಅಂಗಳಕ್ಕಿಳಿದು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತರು. ಇನ್ನು ಈ ಮನೆಯ ಮೆಟ್ಟಿಲು ಹತ್ತುವ ಮುಖ ತನಗಿಲ್ಲ ಎಂದುಕೊಂಡರು.

ಹನ್ನೊಂದರ ಹೊತ್ತಿಗೆ ಹೆಣ ಎತ್ತುವ ಸಿದ್ಧತೆಯಾಯಿತು. ಲೋಕನಾಥರ ಚಿಕ್ಕಪ್ಪ ಮುದ್ದಣ್ಣ ಎಲ್ಲದಕ್ಕೂ ಮುಂದೆ ನಿಂತಿದ್ದರು. ವಯಸ್ಸು ಎಂಬತ್ತೈದಾದರೂ ಕ್ರಮ ತಪ್ಪಲು ಬಿಡುವ ಜನವಲ್ಲ. ಮನೆಯವರ ಬಟ್ಟೆ ಆಯಿತು, ಇನ್ನು ಹೆಂಡತಿಯ ತವರಿನ ಬಿಳಿ ಬಟ್ಟೆ, ಅದನ್ನು ಹೊದಿಸಬೇಕಾದವನು ಭಾವ, ಯಾರಿದ್ದಾರೆ ಎಂದು ಕೇಳಿದರು. ಯಾರೂ ಮುಂದೆ ಬರಲಿಲ್ಲ. ಕುಶಲಾಗೆ ಒಡಹುಟ್ಟಿದವರೇ ಇಲ್ಲ ಎಂದು ಯಾರೋ ನೆನಪಿಸಿದರು. ಹಾಗಾದರೆ ಅದೊಂದು ಬಿಟ್ಟುಬಿಡುವ ಎಂದು ಇನ್ಯಾರೋ ಅಂದರು.

“ಬಿಡುವುದು ಬೇಡ,” ಎಂದರು ಕುಶಲಾ.

ಅವರು ಒಳಗಿನಿಂದ ಪ್ರವಾಸದ ಚೀಲವನ್ನೇ ತಂದಿದ್ದರು. ನೆಲದ ಮೇಲಿಟ್ಟು ಜಿಪ್ಪು ಎಳೆದರು. ಮೇಲೆ ದ್ವೀಪದ ಬಿಸಿಲಿಗೆಂದು ಕೊಂಡ ಎಲೆ ಟೊಪ್ಪಿ, ಅದರ ಕೆಳಗೆ ಜರಿಯಂಚಿನ ಪಂಚೆ. ಮುದ್ದಣ್ಣ ತಲೆ ಅಲ್ಲಾಡಿಸಿ, ಮನೆಯ ಬಟ್ಟೆ ಆಗುವುದಿಲ್ಲ ಮಗಾ, ಭಾವ ತಂದದ್ದೇ ಆಗಬೇಕು ಎಂದರು.

“ಭಾವ ತಂದದ್ದೇ ಇದು.”

ಕುಶಲಾ ಅಂಗಳದ ಕಡೆ ತಿರುಗಿದರು. ಮೂವತ್ತು ವರ್ಷ ಸಾಹೇಬ್ರೆ ಎಂದು ಮಾತ್ರ ಕರೆದ ಹೆಂಗಸು.

“ಅಣ್ಣಾ,” ಎಂದರು. “ಒಳಗೆ ಬನ್ನಿ.”

ಕರೆದದ್ದು ಯಾರನ್ನು ಎಂದು ಗೊತ್ತಾಗಲು ಕಮರುದ್ದೀನರಿಗೇ ಸ್ವಲ್ಪ ಹೊತ್ತು ಹಿಡಿಯಿತು. ಕುರ್ಚಿಗಳ ನಡುವಿನಿಂದ ನಡೆದು ಬಂದು ಮೆಟ್ಟಿಲು ಹತ್ತಿದರು. ಮುದ್ದಣ್ಣ ಅವರ ತಲೆಯ ಟೊಪ್ಪಿಯನ್ನು ನೋಡಿದರು, ಕುಶಲಾರ ಮುಖವನ್ನು ನೋಡಿದರು. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, “ಕಾಲಿನ ಕಡೆಯಿಂದ ಹೊದಿಸಬೇಕು,” ಎಂದು ಹೇಳಿಕೊಟ್ಟರು.

ಕುಶಲಾ ಕೈಯಲ್ಲಿದ್ದ ಅರ್ಜಿಯನ್ನು ಬಿಚ್ಚಿ, ಬರೆದ ಬದಿ ಮೇಲೆ ಬರುವಂತೆ, ಗಂಡನ ಎದೆಯ ಮೇಲೆ ಇಟ್ಟರು. ಕಮರುದ್ದೀನ್ ಪಂಚೆ ಕೊಡವಿದರು. ಬಟ್ಟೆಗೆ ಹುಳ ಹಿಡಿಯದಂತೆ ಇಟ್ಟಿದ್ದ ನುಸಿಗುಳಿಗೆಯೊಂದು ಕೆಳಗೆ ಬಿದ್ದು ಚಾವಡಿಯುದ್ದಕ್ಕೂ ಉರುಳಿಹೋಯಿತು. ಕಾಲಿನಿಂದ ಶುರುಮಾಡಿ ಎದೆಯವರೆಗೆ ಎಳೆದು ಹೊದಿಸಿದರು. ಮೂರು ವರ್ಷದ ಮಡಿಕೆಗಳು ಸುಲಭಕ್ಕೆ ಹೋಗಲಿಲ್ಲ, ಕಾಗದದ ಮೂಲೆಯೂ ಬಟ್ಟೆಯಡಿಯಲ್ಲಿ ಎದ್ದು ನಿಂತಿತ್ತು. ಅವರು ಮಂಡಿಯೂರಿ ಕೂತು, ಅಂಗೈಯಿಂದ ಅದನ್ನು ಮೆಲ್ಲಗೆ ಒತ್ತಿ ಒತ್ತಿ ಸಮ ಮಾಡಿದರು.