ಮ್ಯಾಲೆ ನೀರೈತಾ?

ಕೊಕ್ಕರೆಗಳು ಕಾಣುತ್ತಿಲ್ಲ, ಇಷ್ಟೊತ್ತು ಗದ್ದೆಗೆ ನಾಲ್ಕೈದರಂತೆ ಬೆಳ್ಳಗೆ ನಿಂತಿದ್ದವು, ಬಸವಾಪಟ್ಟಣ ದಾಟಿದ ಮೇಲೆ ಯಾವ ತಿರುವಿನಲ್ಲಿ ಹಿಂದುಳಿದವೋ ನನಗೆ ಗೊತ್ತಾಗಲಿಲ್ಲ, ಮಾವನಿಗೆ ಗೊತ್ತಾಗಿರುತ್ತದೆ, ಪಕ್ಕದ ಸೀಟಿನಲ್ಲಿ ಗಾಜು ಪೂರಾ ಇಳಿಸಿಕೊಂಡು ನಾಲೆಯನ್ನೇ ನೋಡುತ್ತ ಕೂತಿದ್ದಾರೆ, ಎಸಿ ಹಾಕ್ಲಾ ಮಾವ ಅಂದರೆ ಬ್ಯಾಡ ತಾಯಿ, ಗಾಳಿ ಐತಲ್ಲ ಅಂದರು, ಎಲ್ಲಿದೆ ಗಾಳಿ, ಒಲೆಯ ಬಾಯಿಗೆ ಮುಖ ಕೊಟ್ಟ ಹಾಗಿದೆ, ಸ್ಟೇರಿಂಗ್ ಹಿಡಿದ ಅಂಗೈ ಬೆವರುತ್ತಿದೆ, ಹೆಬ್ಬೆರಳಿಗೆ ಇನ್ನೂ ಕುಂಕುಮ ಮೆತ್ತಿದೆ, ಅದೇ ಬೆರಳಲ್ಲವೇ ಬೆಳಿಗ್ಗೆ ಬಟನ್ ಒತ್ತಿದ್ದು — ಅಕ್ಕ ನಿನ್ನ ಕೈಲೇ ಒತ್ತಬೇಕು, ಮನೆ ಮಗಳ ಕೈ, ಗಂಗಮ್ಮ ಸುಖವಾಗಿ ಬರ್ತಾಳೆ, ಅಂದ ತಮ್ಮ ಬಸವಕಿರಣ, ಅವನ ಹೊಸ ಮೋಟರು, ನಾಲೆಯ ಏರಿ ಕೊರೆದು ಪೈಪು ಇಳಿಬಿಟ್ಟು ಮೇಲೆ ತೆಂಗಿನ ಗರಿ ಮುಚ್ಚಿದ್ದ, ಪೂಜೆಗೆಂದು ಗರಿ ಸರಿಸಿದ, ಪೂಜೆ ಮುಗಿದ ಮೇಲೆ ಮತ್ತೆ ಮುಚ್ಚಿದ, ಮುಚ್ಚಿಡಬೇಕಾದ್ದಕ್ಕೆ ಆರತಿ ಯಾಕೆ ಅಂತ ನನಗೆ ಆಗ ಹೊಳೆಯಲೇ ಇಲ್ಲವಲ್ಲ, ತವರಿನ ಅಂಗಳದಲ್ಲಿ ನಿಂತರೆ ನನ್ನ ತಲೆ ಮದುವೆಗೆ ಮುಂಚಿನ ತಲೆಯಾಗಿಬಿಡುತ್ತದೆ, ಹೊಸ ಸೀರೆ ಉಟ್ಟು ಬಟನ್ ಒತ್ತಿದೆ, ನೀರು ಭುಸ್ಸೆಂದು ಎಗರಿತು, ಎಲ್ಲರೂ ಹೋ ಅಂದರು, ನಾನೂ ನಗುತ್ತ ವಿಡಿಯೋ ಮಾಡಿಕೊಂಡೆ, ಸ್ಟೇಟಸ್ಸಿಗೂ ಹಾಕಿದೆ, ನಮ್ಮ ತವರಿನ ಗಂಗೆ ಅಂತ — ಅಯ್ಯೋ. ಮಾವ ಅಲ್ಲೇ ನಿಂತಿದ್ದರು. ಇದೇ ನಾಲೆಯ ಕಟ್ಟಕಡೆಯ ಊರಾದ ಕೊಂಡಜ್ಜಿಯವರು, ತಿಂಗಳಿಂದ ನೀರಿನ ಸರದಿ ಕಾಯುತ್ತಿರುವವರು, ಅವರ ಭತ್ತ ಹೊಡೆ ಕಟ್ಟಿ ನಿಂತಿದೆ, ಇನ್ನೊಂದು ನೀರು ಸಿಕ್ಕರೆ ಕಾಳು, ಸಿಗದಿದ್ದರೆ ಬರೀ ಹುಲ್ಲು, ಅಂಥವರ ಕೈಗೆ ತಮ್ಮ ತೆಂಗಿನಕಾಯಿ ಕೊಟ್ಟು, ಬೀಗರು ನೀವೇ ಒಡೀಬೇಕ್ರಿ ಅಂದ, ಅವರು ಒಡೆದರು, ಸಮ ಹೋಳಾಯಿತು, ಒಳ್ಳೇ ಶಕುನ ಅಂದರು ಯಾರೋ, ಹೆಗಲಿಗೆ ಶಾಲು ಹೊದಿಸಿದರು, ಆ ಶಾಲನ್ನು ಈಗ ಮಡಿಚಿ ತೊಡೆಯ ಮೇಲಿಟ್ಟುಕೊಂಡಿದ್ದಾರೆ, ನಿದ್ದೆಹೋದ ಕೂಸನ್ನು ಇಟ್ಟುಕೊಂಡ ಹಾಗೆ.

ದೊಡ್ಡ ರೋಡಿಗೆ ಬ್ಯಾಡ ರೂಪಾ, ನಾಲೆ ದಂಡೀಗುಂಟ ಹೋಗಣ, ನೀರು ಎಲ್ಲೀತಂಕ ಬಂದೈತೆ ನೋಡಣ, ಅಂದರು ಹೊರಡುವಾಗ, ಕೋಪದಿಂದ ಅಂದಿದ್ದರೆ ಚೆನ್ನಾಗಿತ್ತು, ಕೋಪಕ್ಕೆ ಏನಾದರೂ ಉತ್ತರ ಕೊಡಬಹುದು, ಇವರು ಪ್ಯಾಟೆಗೆ ಹೋಗಿ ಬರೋಣ ಅಂದಷ್ಟೇ ಸಲೀಸಾಗಿ ಅಂದರು, ಗಂಡ ಸಂತೋಷ ಜೊತೆಗೆ ಬಂದಿದ್ದರೆ ಏನಾದರೂ ಮಾತಾಡಿಸುತ್ತಿದ್ದ, ಕರೂರಿನ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ, ನೀನೇ ಅಪ್ಪನ್ನ ಕರ್ಕೊಂಡು ಹೋಗಿ ಬಾ ಅಂದ, ಈಗ ನಾನೊಬ್ಬಳೇ ಈ ಮೌನವನ್ನು ಓಡಿಸಿಕೊಂಡು ಹೋಗಬೇಕು, ನಾಲ್ಕು ಮಾರಿಗೊಂದು ಪೈಪು, ಕಪ್ಪನೆಯವು, ನೀಲಿಯವು, ಏರಿಯ ಮೇಲಿಂದ ಬಾಗಿ ನಾಲೆಗೆ ಬಾಯಿ ಇಟ್ಟಿವೆ, ಗರಿ ಮುಚ್ಚಿದವು, ಮುಚ್ಚದವು, ನನ್ನ ತಮ್ಮನೊಬ್ಬನೇ ಅಲ್ಲ ನೋಡಿ ಮಾವ ಅನ್ನಬೇಕು ಅನಿಸಿತು, ಅನ್ನಲಿಲ್ಲ, ಅಂಥ ಸಮಾಧಾನವೂ ಒಂದು ಸಮಾಧಾನವೇ, ಥೂ. ಮಲೇಬೆನ್ನೂರಿನಲ್ಲಿ ಟೀಗೆ ನಿಲ್ಲಿಸಿದೆ, ಅವರ ಕೈಗೆ ಲೋಟ ಕೊಟ್ಟು ಅಂಗಡಿಯ ಹಿಂದೆ ಹೋಗಿ ಮೊದಲು ಆ ಸ್ಟೇಟಸ್ ಅಳಿಸಿದೆ, ಎಷ್ಟು ಜನ ನೋಡಿದ್ದರೋ, ಆಮೇಲೆ ತಮ್ಮನಿಗೆ ಫೋನು, ಕಿರಣ, ಒಂದು ವಾರ ಆ ಮೋಟರ್ ಆರಿಸೋ, ನಮ್ಮ ಮಾವನ ಗದ್ದೆ ಹೋಗುತ್ತೆ ಕಣೋ, ಅವನು ನಕ್ಕ, ಕೆಟ್ಟ ನಗು ಅಲ್ಲ, ಚಿಕ್ಕಂದಿನಲ್ಲಿ ನನ್ನ ಜಡೆ ಎಳೆದು ನಗುತ್ತಿದ್ದ ನಗುವೇ, ಅಕ್ಕ, ನಾನೊಬ್ಬ ಆರಿಸಿದ್ರೆ ನಿಮ್ಮೂರಿಗೆ ಹೊಳೆ ಬರುತ್ತೇನು, ನನ್ನ ಪಕ್ಕದೋನು ಎಳ್ಕೋತಾನೆ, ಬೇಕಾದ್ರೆ ಮಾವಾರ ಹೊಲಕ್ಕೆ ನಾನೇ ಒಂದು ಬೋರ್ ಹಾಕಿಸಿಕೊಡ್ತೀನಿ, ಅಂದ, ನನಗೆ ಅಳು ಬಂತು, ಯಾಕೆಂದರೆ ನಿಜವಾಗಿಯೂ ಹಾಕಿಸಿಕೊಡುತ್ತಾನೆ, ಅವನು ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ವಾಪಸು ಬಂದರೆ ಮಾವ ಖಾಲಿ ಲೋಟ ಹಿಡಿದುಕೊಂಡೇ, ಅವನ್ನ ಬೈಬ್ಯಾಡವ್ವ, ಹರಿಯೋ ನೀರು ಮನೆ ಮುಂದೆ ಇದ್ರೆ ನಾನೂ ಸುಮ್ನೆ ಕೂಡ್ತಿದ್ನೇನು, ಅಂದರು. ಕೇಳಿಸಿಕೊಂಡಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

ಆಮೇಲೆ ಹಸಿರು ಹಳದಿಯಾಗುತ್ತ ಬಂತು, ಮೊದಲು ಗದ್ದೆಯ ಅಂಚು, ಆಮೇಲೆ ನಡು, ಆಮೇಲೆ ಇಡೀ ಗದ್ದೆ ಬೂದಿ ಬಣ್ಣ, ಭತ್ತದ ಪೈರಿಗೆ ಯಾರೋ ದನ ಬಿಟ್ಟಿದ್ದಾರೆ, ನಿಂತ ಬೆಳೆಗೆ ದನ ಬಿಡುವುದೆಂದರೆ, ದನಗಳೂ ಮನಸ್ಸಿಲ್ಲದೆ ಮೇಯುತ್ತಿವೆ, ತೆಂಗಿನ ಮರಗಳು ಗರಿ ಇಳಿಬಿಟ್ಟು ಕೊಡೆ ಮಡಿಚಿದಂತಾಗಿವೆ, ನಾಲೆಯಲ್ಲಿ ನೀರು ಮೊಣಕಾಲು, ಆಮೇಲೆ ಕಣಕಾಲು, ಆಮೇಲೆ ಬರೀ ಒಂದು ಗೆರೆ, ನಿಲ್ಲಿಸು ತಾಯಿ ಅಂದರು ಮಾವ, ನಿಲ್ಲಿಸಿದೆ, ಇಳಿದು ನಾಲೆಯ ಒಳಗೇ ಹೋದರು, ಅಲ್ಲಿ ನೀರು ನಿಂತಿತ್ತು, ಮುಂದೆ ಹೋಗಲು ದಾರಿಯಿದ್ದೂ ಕಸುವಿಲ್ಲದೆ, ಕೆಸರಿನ ತುದಿಯಲ್ಲಿ ಸಣ್ಣ ಮೀನುಗಳು ಹೊರಳಾಡುತ್ತಿದ್ದವು, ಅದರಾಚೆ ಬಿರುಕು ಬಿಟ್ಟ ಮಣ್ಣು, ಮಾವ ಬಗ್ಗಿ ನಾಲ್ಕು ಮೀನನ್ನು ಬೊಗಸೆಯಲ್ಲಿ ಎತ್ತಿ ಹಿಂದಿನ ನೀರಿಗೆ ಬಿಟ್ಟರು, ಲಿಂಗ ಕಟ್ಟಿದ ಮನುಷ್ಯ, ಮೀನು ಮುಟ್ಟಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ಕೈ ಒರೆಸಿಕೊಳ್ಳುತ್ತ ಬಂದು ಕೂತು, ಇಲ್ಲಿಗೆ ನಿಂತೈತೆ, ನಡಿ, ಅಂದರು, ಅಷ್ಟೇ.

ಹರಿಹರ ಬಂತು, ಹೋಯಿತು, ಗುತ್ತೂರಿನ ಹತ್ತಿರ ಹೊಳೆ ಕಂಡಿತು, ನೀರಿಗಿಂತ ಬಂಡೆಗಳೇ ಹೆಚ್ಚು, ಎಮ್ಮೆಗಳ ಬೆನ್ನಿನಂತೆ ಸಾಲಾಗಿ, ಇನ್ನೇನು ಮನೆ, ಸ್ನಾನ ಮಾಡಿ ಮಲಗಿಬಿಡಬೇಕು, ಯಾರ ಮುಖವನ್ನೂ ನೋಡಬಾರದು ಅಂದುಕೊಳ್ಳುತ್ತಿದ್ದೆ, ರಸ್ತೆಗೆ ಅಡ್ಡ ಕಲ್ಲು, ಕಲ್ಲಿನ ಹಿಂದೆ ಜನ, ನಡುರಸ್ತೆಯಲ್ಲಿ ಹೆಂಗಸರು ಸೆರಗು ತಲೆಗೆ ಹೊದ್ದು ಬಿಸಿಲಿಗೆ ಕೂತಿದ್ದಾರೆ, ಎಲ್ಲ ನಮ್ಮ ಸುತ್ತಲಿನ ಊರವರೇ, ಮುಂದುಗಡೆ ದುರುಗವ್ವ, ನಮ್ಮ ಗದ್ದೆಗೆ ಹತ್ತಿಯೇ ಅವಳ ತುಂಡು ಗದ್ದೆ, ಬದು ಒಂದೇ. ಕಾರು ಕಂಡು ಎದ್ದಳು, ಮಾವನನ್ನು ಕಂಡು ಕೈ ಮುಗಿದು ಕಿಟಕಿಗೆ ಬಂದಳು, ಗೌಡ್ರೇ, ಬೀಗರೂರಿಗೆ ಹೋಗಿದ್ರಂತಲ್ಲ, ದೇವರೇ ಕಳಿಸ್ದಂಗೆ ಬಂದ್ರಿ ನೋಡ್ರಿ, ಫೋನಲ್ಲಿ ನಾಲೆ ಸಾಹೇಬ್ರು ಅಂತಾರೆ, ಮ್ಯಾಲೇ ನೀರಿಲ್ಲ, ಎಲ್ಲಿಂದ ತಂದು ಬಿಡ್ಲಿ ಅಂತ, ಇವರೆಲ್ಲ ಸುಳ್ಳು ಅಂತಾರೆ, ನೀವು ಕಣ್ಣಾರೆ ನೋಡ್ಕೊಂಡು ಬಂದೀರಿ, ನೀವು ಹೇಳಿದ್ದೇ ಖರೆ, ಮ್ಯಾಲೆ ನೀರೈತಾ? ಐತೆ ಅಂದ್ರೆ ಈಗಿಂದೀಗ ಟ್ರ್ಯಾಕ್ಟರ್ ಹತ್ತಿ ಹೋಗಿ ಆ ಪೈಪು ಕಿತ್ತು ಹಾಕ್ತೀವಿ, ಇಲ್ಲ ಅಂದ್ರೆ ಎದ್ದು ಮನೀಗೆ ಹೋಗ್ತೀವಿ. ಅವಳ ಕಣ್ಣು ಹಿಂದಿನ ಸೀಟಿಗೆ ಹೋಯಿತು, ಅಲ್ಲಿ ಅಮ್ಮ ತುಂಬಿಸಿದ ಬಾಳೆಗೊನೆ, ಎಳನೀರು, ಹಸಿ ಹಸಿ ವೀಳ್ಯದೆಲೆ, ಆಮೇಲೆ ನನ್ನ ಮೇಲೆ ಬಂತು, ಚೆನ್ನಾಗಿದೀಯೇನವ್ವ ಅಂದಳು, ನಾನು ತಲೆಯಾಡಿಸಿದೆ, ಮಡಿಲಲ್ಲಿ ಫೋನು, ಫೋನಿನೊಳಗೆ ಆ ವಿಡಿಯೋ ಇನ್ನೂ ಇದೆ, ನೀರು ಭುಸ್ಸೆಂದು ಎಗರುವುದು, ನನ್ನ ನಗು, ತೋರಿಸಿದರೆ ಮುಗಿಯಿತು, ಒಂದೇ ಒಂದು ಮಾತು, ಐತೆ ದುರುಗವ್ವ, ಬೇಕಾದಷ್ಟು ಐತೆ, ನಾಲಗೆಯ ತುದಿಯಲ್ಲೇ ಇತ್ತು, ಟ್ರ್ಯಾಕ್ಟರು ತವರಿನ ಅಂಗಳದಲ್ಲಿ ನಿಲ್ಲುವುದು ಕಂಡಿತು, ತಮ್ಮನ ಅಂಗಿಯ ಕಾಲರು ಯಾರದೋ ಕೈಯಲ್ಲಿ, ಅಮ್ಮ ಹೊಸ್ತಿಲಲ್ಲಿ — ಮಾವ ನನ್ನ ಕಡೆ ತಿರುಗಲಿಲ್ಲ, ತೊಡೆಯ ಮೇಲಿನ ಶಾಲು ನೋಡುತ್ತಿದ್ದರು, ಬದುವಿನ ಜಗಳಕ್ಕೆ ಅವರ ಮಾತೇ ಕೊನೆ, ನಾಲ್ಕೂರಲ್ಲಿ, ಗೌಡ್ರು ಅಂದ್ರು ಅಂದರೆ ಆಯಿತು, ಅಂಥ ಬಾಯಿ, ಇಲ್ಲವ್ವ ದುರುಗವ್ವ, ಅಲ್ಲೂ ಇಲ್ಲ, ಅಂದಿತು.

ಅಲ್ಲೂ ಇಲ್ಲ. ಒಬ್ಬ ಗೊಣಗಿದ, ದುರುಗವ್ವ ಅವನಿಗೆ ಗದರಿದಳು, ಗೌಡ್ರು ಸುಳ್ಳು ಹೇಳ್ತಾರೇನೋ, ಅವರ ಗದ್ದೇನೂ ಒಣಗ್ತಾ ಐತೆ, ಏಳ್ರೆ, ಮ್ಯಾಲೇ ಇಲ್ಲದ್ದು ನಮಗೆಲ್ಲಿಂದ ಬರ್ತೈತೆ, ಏಳ್ರೆ, ಅಂದಳು, ಅಂದು, ಬಗ್ಗಿ, ಕೂತು ಕೂತು ಸೀರೆಗೆ ಹತ್ತಿದ್ದ ಧೂಳನ್ನು ಹಿಂದೆ ಕೈ ಹಾಕಿ ಕೊಡವಿಕೊಂಡಳು, ಒಂದು ಸಲ, ಇನ್ನೊಂದು ಸಲ, ಕಲ್ಲು ಸರಿಸಿದರು, ಕಾರಿಗೆ ದಾರಿ ಬಿಟ್ಟರು, ನಾನು ಗೇರು ಹಾಕಿದೆ, ಎಷ್ಟು ಸಲೀಸಾಗಿ ಬಿತ್ತು ಗೇರು. ಸ್ವಲ್ಪ ದೂರ ಹೋದ ಮೇಲೆ ಕೇಳಿದೆ, ಮಾವ, ಯಾಕ ಹಂಗಂದ್ರಿ, ಅವರು ಹೊರಗೆ ನೋಡುತ್ತಲೇ, ನಿನ್ನ ತವರಿನ ಮಾತು ನಡುರೋಡಲ್ಲಿ ಯಾಕ ಬೇಕಾಗಿತ್ತವ್ವ, ಅಂದರು, ನಿಮ್ಮ ಗದ್ದೆ ಮಾವ ಅಂದೆ, ಹೋಗ್ಲಿ ಬಿಡು ಅಂದರು, ಗದ್ದೆ ಹೋದ್ರೆ ಮತ್ತೊಂದು ಬೆಳೆ ಬರ್ತೈತೆ — ಅಂದು ಶಾಲಿನ ಮಡಿಕೆ ಬಿಚ್ಚಿ ಮತ್ತೆ ಮಡಿಚಿದರು, ಆದ್ರೆ ಅಕೀ ಗದ್ದೀನೂ ಹೋತಲ್ಲ, ಅಂದರು, ಆ ಮುಖವನ್ನು ನಾನು ನೋಡಲಾರದೆ ಹೋದೆ, ನನ್ನ ನಾಚಿಕೆಯನ್ನು ಆ ಮುದುಕ ತನ್ನ ಬಾಯಿಗೆ ಹಾಕಿಕೊಂಡು ನುಂಗಿದ್ದಾನೆ, ನಾನು ಬ್ರೇಕ್ ಒತ್ತಿದೆ, ಕಾರು ತಿರುಗಿಸಿದೆ, ಬ್ಯಾಡ ರೂಪಾ ಅಂದರು, ತಿರುಗಿಸಿದೆ, ಹೇಳಿಬಿಡುತ್ತೇನೆ, ಏನಾದರಾಗಲಿ ಹೇಳಿಬಿಡುತ್ತೇನೆ, ದುರುಗವ್ವ, ಐತೆ, ನಾನೇ ಬಟನ್ ಒತ್ತಿ ಬಂದೀನಿ, ನಮ್ಮ ತಮ್ಮನ್ನ ಹೊಡೀಬ್ಯಾಡ್ರಿ, ಪೈಪು ಕೀಳ್ರಿ, ಅಷ್ಟೇ ತಾನೇ, ಇಷ್ಟು ಮಾತು, ಇಷ್ಟೇ —

ರಸ್ತೆ ಖಾಲಿ. ಕಲ್ಲುಗಳು ಪಕ್ಕಕ್ಕೆ ಸರಿದಿವೆ, ಹರಿಹರದ ಬಸ್ಸೊಂದು ಹಾರನ್ ಹೊಡೆದು ನನ್ನನ್ನು ದಾಟಿ ಹೋಯಿತು, ದೂರದ ಹೊಲಗಳಲ್ಲಿ ಯಾರ ತಲೆಯೂ ಕಾಣಿಸುತ್ತಿಲ್ಲ, ಯಾವ ದಾರಿ ಹಿಡಿದರೋ, ಅವಳ ಮನೆ ಗೊತ್ತಲ್ಲ ನನಗೆ, ಗೊತ್ತು, ಹೋಗಬಹುದು, ಹೋಗಬಹುದು ಅನ್ನುತ್ತ ಕೈ ಸ್ಟೇರಿಂಗಿನ ಮೇಲೆ ಹಾಗೇ ಇದೆ, ಇಂಜಿನ್ ಗುರುಗುಟ್ಟುತ್ತಿದೆ, ಮಾವ ಕಣ್ಣು ಮುಚ್ಚಿದ್ದಾರೆ, ನನಗೆ ಕಾಣುವುದು ಒಂದೇ, ದುರುಗವ್ವ ಬಗ್ಗಿ ಧೂಳು ಕೊಡವಿಕೊಳ್ಳುತ್ತಾಳೆ, ಮ್ಯಾಲೇ ಇಲ್ಲದ್ದು ಎಲ್ಲಿಂದ ಬರ್ತೈತೆ, ನಂಬಿದ ಮುಖ, ಹಿಂದೆ ಕೈ ಹಾಕಿ ಒಂದು ಸಲ ಕೊಡವಿಕೊಳ್ಳುತ್ತಾಳೆ, ಇನ್ನೊಂದು ಸಲ, ಧೂಳು ಬಿಸಿಲಿಗೆ ಏಳುತ್ತದೆ, ಮತ್ತೆ ಬಗ್ಗಿ ಕೊಡವಿಕೊಳ್ಳುತ್ತಾಳೆ, ಮತ್ತೆ —